ಮೊದಲು ಉಸಿರು, ಅನಂತರ ಆಹಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ವಿಜಯನಗರ ಜಿಲ್ಲೆಯ ಈ ಐದು ತಾಲೂಕುಗಳಲ್ಲಿ ಶೇಂಗಾ ಇಲ್ಲದ ಅಡಿಗೆಮನೆಯನ್ನು ಹುಡುಕುವುದು ಕಷ್ಟ. ಖಡಕ್ ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ನಾಗರಪಂಚಮಿಗೆ ಶೇಂಗಾ ಉಂಡೆ, ಬದನೆಕಾಯಿ ಎಣ್ಣೆಗಾಯಿಯ ಹೂರಣದಲ್ಲಿ ಶೇಂಗಾ, ಸಂಜೆಯ ಮಂಡಕ್ಕಿಯಲ್ಲಿಯೂ ಶೇಂಗಾ. ಮಳೆ ಕಡಿಮೆಯಾದ ಈ ಕೆಂಪು ನೆಲದಲ್ಲಿ ಬಡವರಿಗೂ ಎಟಕುವ ಪೌಷ್ಟಿಕ ಆಹಾರ ಇದು. ಸಾವಿರ ಮಕ್ಕಳಿಗೆ ಇದರಿಂದ ಬಲ ಬರುತ್ತದೆ. ಆದರೆ ಎಲ್ಲಿಯೋ ಒಂದು ಮಗುವಿಗೆ ಇದೇ ಕಾಳು ತುಟಿಗೆ ತಗುಲಿದೊಡನೆ ಮೈಮೇಲೆ ಗಂಧೆ ಏಳುತ್ತದೆ, ಮುಖ ಊದಿಕೊಳ್ಳುತ್ತದೆ, ವಾಂತಿಯಾಗುತ್ತದೆ, ಉಸಿರು ಕಟ್ಟುತ್ತದೆ.

ಅಂಥ ಮಗುವಿಗೆ ಇಂದು ಒಂದು ಹೊಸ ಚಿಕಿತ್ಸೆ ಉಂಟು. ಯಾವ ಆಹಾರ ಒಗ್ಗದೋ ಅದನ್ನೇ ಅತ್ಯಲ್ಪ ಪ್ರಮಾಣದಿಂದ ಮೊದಲುಮಾಡಿ, ವೈದ್ಯರ ಕಣ್ಣೆದುರಿನಲ್ಲಿ, ತಿಂಗಳುಗಟ್ಟಲೆ ಹೆಚ್ಚಿಸುತ್ತ ದೇಹವನ್ನು ಅದಕ್ಕೆ ಒಗ್ಗಿಸುವ ಚಿಕಿತ್ಸೆ ಅದು. ಆದರೆ ಈ ಚಿಕಿತ್ಸೆಗೆ ಮಗುವನ್ನು ಕರೆದೊಯ್ದರೆ ತಜ್ಞರು ಆಹಾರದ ಮಾತಿಗಿಂತ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳುತ್ತಾರೆ: “ಮಗುವಿಗೆ ದಮ್ಮು ಉಂಟೆ? ಇದ್ದರೆ ಅದು ಹತೋಟಿಯಲ್ಲಿ ಇದೆಯೆ?” ಹತೋಟಿಯಲ್ಲಿ ಇಲ್ಲವೆಂದರೆ ಚಿಕಿತ್ಸೆಯನ್ನು ಆರಂಭಿಸುವುದೇ ಇಲ್ಲ. ತೊಂದರೆ ಕೊಡುವುದು ಹೊಟ್ಟೆಗೆ ಹೋಗುವ ಕಾಳು. ಹೀಗಿರಲು ಎದೆಯ ಮಾತು ಮೊದಲೇಕೆ? ಈ ಲೇಖನದಲ್ಲಿ ನಾವು ಈ ಪ್ರಶ್ನೆಗೆ ಉತ್ತರ ಹುಡುಕೋಣ. ಉತ್ತರದ ಅರ್ಧಭಾಗ ವೈದ್ಯಶಾಸ್ತ್ರದಲ್ಲಿದ್ದರೆ, ಉಳಿದ ಅರ್ಧ ನಮ್ಮ ಭೌತಶಾಸ್ತ್ರದಲ್ಲಿದೆ.

ಕಾವಲುಗಾರನ ತಪ್ಪು ತಿಳಿವಳಿಕೆ

1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಕಡಲ ಹೂ ಎಂಬ ಸಮುದ್ರಜೀವಿಯ ವಿಷವನ್ನು ಅವರು ನಾಯಿಗಳಿಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿದ್ದರು. ಮೊದಲ ಸಲದ ವಿಷವನ್ನು ತಾಳಿಕೊಂಡಿದ್ದ ನಾಯಿಗೆ ಕೆಲವು ವಾರಗಳ ಮೇಲೆ ಮತ್ತೆ ಅಲ್ಪಪ್ರಮಾಣದಲ್ಲಿ ಕೊಟ್ಟರೆ, ಅದು ತಾಳಿಕೊಳ್ಳುವುದಿರಲಿ, ನಿಮಿಷಗಳೊಳಗೆ ಉಸಿರುಗಟ್ಟಿ ಸತ್ತಿತು. ರಕ್ಷಣೆಗೆ ಬದಲು ವಿನಾಶವನ್ನು ತರುವ ಈ ಸ್ಥಿತಿಗೆ ಅವರು ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟರು. ಈ ಕಾರ್ಯಕ್ಕಾಗಿ ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1906ರಲ್ಲಿ ಆಸ್ಟ್ರಿಯದ ಮಕ್ಕಳ ವೈದ್ಯ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದವನ್ನು ಬಳಕೆಗೆ ತಂದನು. ಕನ್ನಡದಲ್ಲಿ ನಾವು ಇದನ್ನು ಒಗ್ಗದಿಕೆ ಎನ್ನಬಹುದು.

ಇದರ ಮೂಲವಸ್ತು ಸಿಕ್ಕಿದ್ದು ಅರವತ್ತು ವರ್ಷಗಳ ಅನಂತರ. 1966-67ರ ಸುಮಾರಿನಲ್ಲಿ ಇಶಿಜಾಕ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಅವರೂ ಬೇರೆಬೇರೆಯಾಗಿ ರಕ್ತದಲ್ಲಿ ಒಂದು ಹೊಸ ಪ್ರತಿಕಾಯವನ್ನು ಕಂಡುಹಿಡಿದರು. ಅದರ ಹೆಸರು ಐಜಿಇ. ನಮ್ಮ ದೇಹದ ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಐಜಿಇ ಅವುಗಳ ಮೈಗೆ ಅಂಟಿಕೊಂಡಿರುತ್ತದೆ. ಶೇಂಗಾದ ಪ್ರೋಟೀನನ್ನು ಶತ್ರುವೆಂದು ಒಮ್ಮೆ ತಪ್ಪಾಗಿ ತಿಳಿದುಕೊಂಡ ದೇಹದಲ್ಲಿ, ಆ ಪ್ರೋಟೀನು ಮತ್ತೆ ಬಂದೊಡನೆ ಈ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ಅದರಿಂದ ರಕ್ತನಾಳಗಳು ಸೋರುತ್ತವೆ, ಚರ್ಮ ದದ್ದೇಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ನಾಡಿನಲ್ಲಿ ಇದು ಎಷ್ಟು ಮಂದಿಗಿದೆ? ಯೂರೋಪ್ರೆವಾಲ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯ ಅಂಗವಾಗಿ ಕರ್ನಾಟಕದಲ್ಲಿ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಶೇಕಡ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ವಿರುದ್ಧವಾದ ಐಜಿಇ ಇತ್ತು. ಆದರೆ ನಿಜವಾದ ಒಗ್ಗದಿಕೆ ಇರಬಹುದೆಂದು ಕಂಡುಬಂದದ್ದು ಶೇಕಡ 1.2 ಮಂದಿಯಲ್ಲಿ ಮಾತ್ರ. ಶಾಲಾಮಕ್ಕಳ ಸಮೀಕ್ಷೆ 2020ರಲ್ಲಿ ಪ್ರಕಟವಾದಾಗ ಭಾರತದ ಅಂಕಿ ಇನ್ನೂ ಚಿಕ್ಕದು - ಶೇಕಡ 0.14, ಎಂದರೆ ಹತ್ತು ಸಾವಿರ ಮಕ್ಕಳಲ್ಲಿ ಹದಿನಾಲ್ವರು. ಈ ಅಂಕಿಗಳಲ್ಲಿ ಎರಡು ಪಾಠಗಳಿವೆ. ರಕ್ತಪರೀಕ್ಷೆಯ ಚೀಟಿಯೊಂದನ್ನೇ ನಂಬಿ ಮಗುವಿನ ತಟ್ಟೆಯಿಂದ ಹತ್ತಾರು ಆಹಾರಗಳನ್ನು ತೆಗೆದುಹಾಕಬಾರದು ಎಂಬುದು ಒಂದು. ರೋಗ ಅಪರೂಪವಾದುದರಿಂದಲೇ ಅದನ್ನು ಗುರುತಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ ಎಂಬುದು ಇನ್ನೊಂದು.

ಕೊಳವೆಯ ಗಣಿತ

ದಮ್ಮಿನ ಮಾತು ಹಾಗಲ್ಲ, ಅದು ಅಪರೂಪವಲ್ಲ. ಉಬ್ಬಸ, ಗೂರಲು, ಅಸ್ತಮಾ ಎಂದು ನಾನಾ ಹೆಸರುಗಳಿಂದ ನಾವು ಅದನ್ನು ಬಲ್ಲೆವು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 18 ವರ್ಷದೊಳಗಿನ 20,000 ಮಕ್ಕಳನ್ನು ಪರೀಕ್ಷಿಸಿದ ಡಾ. ಎಚ್. ಪರಮೇಶ್ ಅವರು 1979ರಲ್ಲಿ ಶೇಕಡ 9 ಇದ್ದ ದಮ್ಮು 1999ರ ಹೊತ್ತಿಗೆ ಶೇಕಡ 29.5ಕ್ಕೆ ಏರಿದುದನ್ನು ವರದಿ ಮಾಡಿದರು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ. ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ. ಆದರೂ ಏರಿಕೆಯ ದಿಕ್ಕು ಸ್ಪಷ್ಟವಾಗಿದೆ.

ದಮ್ಮಿನಲ್ಲಿ ಆಗುವುದೇನು? ಶ್ವಾಸನಾಳದ ಒಳಪೊರೆ ಸದಾ ಕೆರಳಿರುತ್ತದೆ; ಸಣ್ಣ ಉರಿಯೂತ ಅಲ್ಲಿ ಹೊಗೆಯಾಡುತ್ತಿರುತ್ತದೆ. ಧೂಳು, ಹೊಗೆ, ನೆಗಡಿ, ತಣ್ಣನೆಯ ಗಾಳಿ - ಯಾವುದಾದರೊಂದು ತಗುಲಿದೊಡನೆ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ: ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪೊರೆ ಊದುತ್ತದೆ, ಕಫ ತುಂಬುತ್ತದೆ. ಮೂರರಿಂದಲೂ ಆಗುವ ಫಲ ಒಂದೇ - ಕೊಳವೆಯ ಒಳಗಂಡಿ ಕಿರಿದಾಗುವುದು.

ಕೊಳವೆ ಸ್ವಲ್ಪ ಕಿರಿದಾದರೆ ಏನು ಮಹಾ ಎನ್ನಬಹುದು. ಇಲ್ಲಿ ನಾವು 1840ರ ದಶಕದ ಫ್ರಾನ್ಸಿಗೆ ಹೋಗಬೇಕು. ಪ್ವಾಸೆಯ್ ಎಂಬ ವೈದ್ಯನು ಸಪೂರವಾದ ಗಾಜಿನ ಕೊಳವೆಗಳಲ್ಲಿ ದ್ರವವನ್ನು ಹರಿಸಿ ಒಂದು ನಿಯಮವನ್ನು ಕಂಡುಕೊಂಡನು. ದ್ರವವಾಗಲಿ ಗಾಳಿಯಾಗಲಿ ಸುಳಿಯಿಲ್ಲದೆ ನಯವಾಗಿ ಹರಿಯುವಾಗ, ಕೊಳವೆ ಒಡ್ಡುವ ತಡೆ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ತಡೆ ಇಮ್ಮಡಿಯಲ್ಲ, ನಾಲ್ಮಡಿಯೂ ಅಲ್ಲ, ಹದಿನಾರು ಮಡಿ!

ಈಗ ಒಂದು ಲೆಕ್ಕ ಮಾಡೋಣ. ದೊಡ್ಡವರ ಶ್ವಾಸನಾಳದ ಒಂದು ಕವಲಿನ ಒಳವ್ಯಾಸ 8 ಮಿಲಿಮೀಟರ್ ಎಂದೂ ಮಗುವಿನದು 4 ಮಿಲಿಮೀಟರ್ ಎಂದೂ ಇಟ್ಟುಕೊಳ್ಳೋಣ. ಇಬ್ಬರಿಗೂ ಒಳಪೊರೆ ಸುತ್ತಲೂ ಒಂದೇ ಮಿಲಿಮೀಟರ್ ಊದಿತು. ದೊಡ್ಡವರ ಕೊಳವೆ 8ರಿಂದ 6ಕ್ಕೆ ಇಳಿಯಿತು. ತಡೆ ಸುಮಾರು ಮೂರು ಮಡಿಯಾಯಿತು. ಮಗುವಿನ ಕೊಳವೆ 4ರಿಂದ 2ಕ್ಕೆ ಇಳಿಯಿತು. ತಡೆ ಹದಿನಾರು ಮಡಿಯಾಯಿತು. ಊತ ಒಂದೇ, ಕಷ್ಟ ಒಂದೇ ಅಲ್ಲ. ದೊಡ್ಡ ನಾಳಗಳಲ್ಲಿ ಗಾಳಿ ಸುಳಿಸುಳಿಯಾಗಿ ಹರಿಯುವುದರಿಂದ ಈ ನಿಯಮ ಅಲ್ಲಿ ಅಕ್ಷರಶಃ ಅನ್ವಯಿಸದು. ಆದರೆ ಮಕ್ಕಳ ಉಸಿರು ಏಕೆ ಅಷ್ಟು ಬೇಗ ಕೈಕೊಡುತ್ತದೆ ಎಂಬುದನ್ನು ತಿಳಿಯಲು ಇಷ್ಟು ಸಾಕು. ಆರೋಗ್ಯವಂತ ವಿದ್ಯಾರ್ಥಿಗಳು ಎಳನೀರು ಕುಡಿಯುವ ಕೊಳವೆಯೊಂದರಿಂದಲೂ, ಹಣ್ಣಿನ ರಸದ ಪೊಟ್ಟಣದ ಜೊತೆ ಬರುವ ಸಪೂರ ಕೊಳವೆಯಿಂದಲೂ ಒಂದೆರಡು ಸಲ ಉಸಿರಾಡಿ ಈ ವ್ಯತ್ಯಾಸವನ್ನು ತಾವೇ ಅರಿಯಬಹುದು. ದಮ್ಮಿರುವವರು ಈ ಪ್ರಯೋಗಕ್ಕೆ ಕೈಹಾಕಬಾರದು.

ಇನ್ನೊಂದು ವಿಶೇಷ. ಉಸಿರನ್ನು ಒಳಕ್ಕೆಳೆಯುವಾಗ ಎದೆ ಹಿಗ್ಗಿ ನಾಳಗಳೂ ಕೊಂಚ ಹಿಗ್ಗುತ್ತವೆ. ಹೊರಕ್ಕೆ ಬಿಡುವಾಗ ಎದೆಯ ಒತ್ತಡದಿಂದ ಅವು ಕುಗ್ಗುತ್ತವೆ. ಆದುದರಿಂದ ದಮ್ಮಿನ ಮಗುವಿಗೆ ಗಾಳಿಯನ್ನು ಒಳಗೆ ತೆಗೆದುಕೊಳ್ಳುವುದಕ್ಕಿಂತ ಹೊರಬಿಡುವುದು ಹೆಚ್ಚು ಕಷ್ಟ. ಹಳೆಯ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಕಿರಿದಾದ ಬಾಯಿಯಿಂದ ನುಗ್ಗುವ ಗಾಳಿ ಕೊಳಲಿನಂತೆ ಸುಯ್‌ಗುಟ್ಟುತ್ತದೆ.

ಎರಡು ರೋಗಗಳು ಕೂಡುವ ಸ್ಥಳ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಹತ್ತು ವರ್ಷದ ಇಬ್ಬರು ಬಾಲಕರನ್ನು ಕಲ್ಪಿಸಿಕೊಳ್ಳೋಣ. ಇಬ್ಬರಿಗೂ ಶೇಂಗಾ ಒಗ್ಗದು. ಒಬ್ಬನ ಶ್ವಾಸನಾಳ ತೆರೆದಿದೆ. ಇನ್ನೊಬ್ಬನದು ದಮ್ಮಿನಿಂದ ಆಗಲೇ ಅರೆಮುಚ್ಚಿದೆ, ಕೆರಳಿದೆ. ಇಬ್ಬರ ಹೊಟ್ಟೆಗೂ ಗೊತ್ತಿಲ್ಲದೆ ಒಂದು ಕಾಳು ಹೋಯಿತು. ಮಾಸ್ಟ್ ಕೋಶಗಳು ಇಬ್ಬರ ಶ್ವಾಸನಾಳವನ್ನೂ ಬಿಗಿದವು. ಮೊದಲನೆಯವನಿಗೆ ಕೆಮ್ಮು ಬರಬಹುದು, ಆಯಾಸವಾಗಬಹುದು. ಎರಡನೆಯವನಿಗೆ ಅರ್ಧ ಮುಚ್ಚಿದ ಕೊಳವೆ ಇನ್ನೂ ಅರ್ಧ ಮುಚ್ಚಿದಂತೆ. ನಾಲ್ಕನೆಯ ಘಾತ ಅವನ ಮೇಲೆ ಎರಡು ಸಲ ಎರಗುತ್ತದೆ.

ಇದು ಬರಿಯ ಲೆಕ್ಕವಲ್ಲ. ಅಮೆರಿಕದಲ್ಲಿ ಆಹಾರದ ಒಗ್ಗದಿಕೆಯಿಂದ ಸತ್ತ 32 ಮಂದಿಯ ವಿವರಗಳನ್ನು ಕಲೆಹಾಕಿದ ಒಂದು ವರದಿ 2001ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಹದಿಹರೆಯದವರು ಮತ್ತು ತರುಣರು - ಈ ಪತ್ರಿಕೆಯ ವಾಚಕರ ವಯಸ್ಸಿನವರು. ಬಹುಪಾಲು ಸಾವುಗಳಿಗೆ ಕಾರಣ ಶೇಂಗಾ. ವಿವರ ದೊರೆತವರ ಪೈಕಿ ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ದಮ್ಮು ಇತ್ತು. ಹೆಚ್ಚಿನವರ ಬಳಿ ಆ ಹೊತ್ತಿಗೆ ಅಡ್ರಿನಲಿನ್ ಔಷಧ ಇರಲಿಲ್ಲ.

ಆಹಾರದ ಚಿಕಿತ್ಸೆಯಲ್ಲಿ ಮಾಡುವುದಾದರೂ ಏನು? ಒಗ್ಗದ ವಸ್ತುವನ್ನು ನಾವೇ ಬುದ್ಧಿಪೂರ್ವಕವಾಗಿ ಪ್ರತಿದಿನವೂ ಕೊಡುವುದು. ಈ ವಿಚಾರ ಹೊಸದಲ್ಲ. ಮೊಟ್ಟೆ ಒಗ್ಗದ ಬಾಲಕನೊಬ್ಬನಿಗೆ ಹೀಗೆ ಚಿಕಿತ್ಸೆ ಮಾಡಿದುದನ್ನು ಇಂಗ್ಲೆಂಡಿನ ಸ್ಕೋಫೀಲ್ಡ್ ಎಂಬ ವೈದ್ಯರು 1908ರಲ್ಲಿಯೇ ಬರೆದಿದ್ದರು. ಆದರೆ ದೊಡ್ಡ ಪ್ರಮಾಣದ ಪರೀಕ್ಷೆಗಳು ನಡೆದದ್ದು ನಮ್ಮ ಕಾಲದಲ್ಲಿ. 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 4ರಿಂದ 17 ವರ್ಷದ 496 ಮಕ್ಕಳು ಭಾಗವಹಿಸಿದರು. ಕೊನೆಯಲ್ಲಿ 600 ಮಿಲಿಗ್ರಾಂ ಶೇಂಗಾ ಪ್ರೋಟೀನನ್ನು ತಾಳಿಕೊಂಡವರು ಚಿಕಿತ್ಸೆ ಪಡೆದವರಲ್ಲಿ ಶೇಕಡ 67.2, ಹುಸಿಮದ್ದು ಪಡೆದವರಲ್ಲಿ ಶೇಕಡ 4. ಈ ಔಷಧಕ್ಕೆ 2020ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆಯಿತ್ತರು. ಒಪ್ಪಿಗೆಯ ಜೊತೆಯಲ್ಲಿಯೇ ಒಂದು ಕಟ್ಟಳೆಯನ್ನೂ ಬರೆದರು: ದಮ್ಮು ಹತೋಟಿಯಲ್ಲಿಲ್ಲದವರಿಗೆ ಇದನ್ನು ಕೊಡಕೂಡದು.

ಪ್ರಮಾಣಗಳನ್ನು ನೋಡಿದರೆ ಈ ಎಚ್ಚರಿಕೆಯ ಅರ್ಥ ತಿಳಿಯುತ್ತದೆ. ಆರಂಭದ ಪ್ರಮಾಣ ಅರ್ಧ ಮಿಲಿಗ್ರಾಂ ಪ್ರೋಟೀನು. ಒಂದು ಶೇಂಗಾ ಕಾಳಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪ್ರೋಟೀನು ಇರುತ್ತದೆ. ಎಂದರೆ ಒಂದು ಕಾಳನ್ನು ನಾಲ್ಕೈದು ನೂರು ಪಾಲು ಮಾಡಿ ಒಂದು ಪಾಲನ್ನು ಕೊಟ್ಟಂತೆ! ಎರಡೆರಡು ವಾರಕ್ಕೆ ಒಂದು ಮೆಟ್ಟಿಲಿನಂತೆ ಏರಿಸಿ, ತಿಂಗಳುಗಳ ಮೇಲೆ 300 ಮಿಲಿಗ್ರಾಮಿಗೆ - ಒಂದು ಕಾಳು ಅಥವಾ ಸ್ವಲ್ಪ ಹೆಚ್ಚಿಗೆ - ತಲುಪುತ್ತಾರೆ. ಅಡಿಗೆಮನೆಯ ಚಮಚದಿಂದಾಗಲಿ ಅಕ್ಕಸಾಲಿಗರ ತಕ್ಕಡಿಯಿಂದಾಗಲಿ ಮನೆಯಲ್ಲಿ ಮಾಡಿ ನೋಡುವ ಕೆಲಸ ಇದಲ್ಲ. ಚಿಕಿತ್ಸೆಯ ಕಾಲದಲ್ಲಿಯೇ ತೀವ್ರ ಪ್ರತಿಕ್ರಿಯೆಗಳು ಬರುವುದುಂಟು. ಆಹಾರವನ್ನು ಬರಿದೆ ವರ್ಜಿಸುವವರಿಗಿಂತ ಈ ಚಿಕಿತ್ಸೆ ಪಡೆಯುವವರಲ್ಲಿ ಅನಾಫಿಲಾಕ್ಸಿಸ್ ಹೆಚ್ಚಾಗಿ ಕಂಡುಬರುತ್ತದೆಂದು 2019ರ ಒಂದು ಸಮಗ್ರ ವಿಮರ್ಶೆ ತೋರಿಸಿತು. ಆ ಗಂಡಾಂತರವನ್ನು ತಾಳಿಕೊಳ್ಳಲು ಶ್ವಾಸನಾಳ ತೆರೆದಿರಬೇಕು. ಮೊದಲು ಉಸಿರು, ಅನಂತರ ಆಹಾರ ಎನ್ನುವುದು ಈ ಕಾರಣದಿಂದಲೇ.

ಹತೋಟಿಯನ್ನು ಅಳೆಯುವುದು ಹೇಗೆ?

“ಮಗು ಚೆನ್ನಾಗಿದೆ” ಎಂಬುದು ಅಳತೆಯಲ್ಲ. ವೈದ್ಯರು ಕಳೆದ ನಾಲ್ಕು ವಾರಗಳನ್ನು ಕುರಿತು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾರೆ. ಹಗಲಿನಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಉಬ್ಬಸ, ಕೆಮ್ಮು ಬಂದಿತೆ? ರಾತ್ರಿ ದಮ್ಮಿನಿಂದ ನಿದ್ದೆ ಕೆಟ್ಟಿತೆ? ತಕ್ಷಣ ಉಸಿರು ಬಿಡಿಸುವ ಔಷಧ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಬೇಕಾಯಿತೆ? ಓಟ, ಆಟ, ಶಾಲೆಗೆ ಅಡ್ಡಿಯಾಯಿತೆ? ನಾಲ್ಕಕ್ಕೂ “ಇಲ್ಲ” ಎಂಬ ಉತ್ತರ ಬಂದರೆ ಹತೋಟಿ ಇದೆ. ಒಂದೆರಡಕ್ಕೆ “ಹೌದು” ಎಂದರೆ ಅರೆಹತೋಟಿ. ಮೂರು ನಾಲ್ಕಕ್ಕೆ “ಹೌದು” ಎಂದರೆ ಹತೋಟಿ ತಪ್ಪಿದೆ.

ಮಾತಿನ ಜೊತೆಗೆ ಯಂತ್ರದ ಸಾಕ್ಷ್ಯವೂ ಬೇಕು. ಇಂಗ್ಲೆಂಡಿನ ರೈಟ್ ಎಂಬ ವಿಜ್ಞಾನಿ 1959ರಲ್ಲಿ ಬಳಕೆಗೆ ತಂದ ಉಸಿರಿನ ವೇಗಮಾಪಕ ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಎದೆತುಂಬ ಉಸಿರೆಳೆದು ಒಮ್ಮೆಲೇ ಜೋರಾಗಿ ಊದಿದರೆ ಮುಳ್ಳು ಸರಿದು ನಿಲ್ಲುತ್ತದೆ. ಅದು ನಿಮಿಷಕ್ಕೆ ಎಷ್ಟು ಲೀಟರಿನ ವೇಗವೆಂಬುದನ್ನು ತೋರಿಸುತ್ತದೆ. ಮೂರು ಸಲ ಊದಿ ಅತ್ಯಧಿಕವಾದುದನ್ನು ಬರೆದುಕೊಳ್ಳಬೇಕು. ಹೋಲಿಕೆ ಬೇರೆ ಮಕ್ಕಳೊಡನೆ ಅಲ್ಲ, ಅದೇ ಮಗುವಿನ ಅತ್ಯುತ್ತಮ ದಿನದೊಡನೆ. ಅದರ ಶೇಕಡ 80ಕ್ಕಿಂತ ಮೇಲಿದ್ದರೆ ಹಸುರು ವಲಯ, 50ರಿಂದ 80ರವರೆಗೆ ಹಳದಿ, 50ಕ್ಕಿಂತ ಕೆಳಗಾದರೆ ಕೆಂಪು. ಅನೇಕ ವೇಳೆ ಮಗುವಿಗೆ ಉಬ್ಬಸದ ಅರಿವಾಗುವುದಕ್ಕೆ ಮೊದಲೇ ಮುಳ್ಳು ಇಳಿಯತೊಡಗುತ್ತದೆ.

ಔಷಧದ ಹನಿ ಮತ್ತು ಪ್ಲಾಸ್ಟಿಕ್ ಬಾಟಲಿ

ದಮ್ಮಿನ ಔಷಧಗಳಲ್ಲಿ ಎರಡು ಬಗೆ. ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುವ ಸಾಲ್ಬುಟಮಾಲ್‌ನಂಥವು ಒಂದು ಬಗೆ. ಒಳಗಿನ ಉರಿಯೂತವನ್ನು ದಿನದಿನವೂ ಶಮನ ಮಾಡುವ, ಉಸಿರಿನ ಮೂಲಕ ಸೇದುವ ಸ್ಟಿರಾಯ್ಡ್‌ಗಳು ಇನ್ನೊಂದು ಬಗೆ. ಮೊದಲನೆಯದು ಮನೆಗೆ ಬೆಂಕಿ ಬಿದ್ದಾಗ ನೀರು ಎರಚಿದಂತೆ. ಎರಡನೆಯದು ಬೆಂಕಿ ಬೀಳದಂತೆ ಒಲೆಯನ್ನು ನೋಡಿಕೊಂಡಂತೆ. ಕೂಡಲೇ ಸುಖ ಕೊಡುವುದರಿಂದ ಜನ ಮೊದಲನೆಯದನ್ನೇ ನೆಚ್ಚುತ್ತಾರೆ. ಅದೊಂದನ್ನೇ ನೆಚ್ಚಿಕೊಂಡು ಹದಿಹರೆಯದವರಿಗೂ ವಯಸ್ಕರಿಗೂ ಚಿಕಿತ್ಸೆ ಮಾಡಬಾರದೆಂದು ‘ಜೀನಾ’ ಎಂಬ ಜಾಗತಿಕ ತಜ್ಞಮಂಡಲಿ 2019ರಿಂದ ಹೇಳುತ್ತ ಬಂದಿದೆ. ಪೆಟ್ಟಿಗೆಯ ಬಣ್ಣವನ್ನಲ್ಲ, ಅದರ ಮೇಲಿನ ಹೆಸರನ್ನು ಓದಿ ಯಾವುದು ಯಾವುದೆಂದು ಮನೆಯವರು ತಿಳಿದಿರಬೇಕು.

“ಪಂಪು ಹಿಡಿದರೆ ಬಿಡುವುದಿಲ್ಲ, ಚಟವಾಗುತ್ತದೆ” ಎಂಬ ಮಾತನ್ನು ನಮ್ಮ ಊರುಗಳಲ್ಲಿ ಕೇಳದವರಿಲ್ಲ. ಇದು ಚಟವಲ್ಲ; ಕನ್ನಡಕ ಹಾಕಿಕೊಳ್ಳುವುದು ಚಟವಲ್ಲದಂತೆಯೇ. ಪ್ರಮಾಣವನ್ನು ಹೋಲಿಸಿ ನೋಡಿರಿ: ಮಗು ದಿನಕ್ಕೆ ಸೇದುವ ಔಷಧ 200 ಮೈಕ್ರೋಗ್ರಾಂ ಎಂದಿಟ್ಟುಕೊಂಡರೆ, ಉಬ್ಬಸ ಕೆರಳಿದಾಗ ನುಂಗುವ ಮಾತ್ರೆಯ 20 ಮಿಲಿಗ್ರಾಂ ತೂಕದಲ್ಲಿ ಅದರ ನೂರರಷ್ಟು. ಸೇದುವ ಔಷಧಕ್ಕೆ ದೋಷವೇ ಇಲ್ಲವೆಂದಲ್ಲ. ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರ ಕೊನೆಗೆ ಸರಾಸರಿ ಸುಮಾರು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾದುದನ್ನು 2012ರ ಒಂದು ಅಧ್ಯಯನ ತೋರಿಸಿದೆ. ಒಂದು ಸೆಂಟಿಮೀಟರನ್ನೂ ಒಂದು ಜೀವವನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಕಷ್ಟವಲ್ಲ.

ಇನ್ನು ಔಷಧ ಶ್ವಾಸಕೋಶವನ್ನು ತಲುಪುವ ಬಗೆ. 1956ರಲ್ಲಿ ಮೊದಲು ಮಾರಾಟಕ್ಕೆ ಬಂದ ಅಳತೆಯ ಪಂಪು ಒತ್ತಿದೊಡನೆ ಸೂಕ್ಷ್ಮ ಹನಿಗಳನ್ನು ಚಿಮ್ಮುತ್ತದೆ. ಹನಿಯ ವ್ಯಾಸ 1ರಿಂದ 5 ಮೈಕ್ರಾನ್ ಇದ್ದರೆ ಅದು ಶ್ವಾಸಕೋಶದ ಆಳಕ್ಕೆ ಹೋಗಬಲ್ಲದು. ಅದಕ್ಕಿಂತ ದಪ್ಪನೆಯ ಹನಿ, ಗಂಟಲಿನ ತಿರುವಿನಲ್ಲಿ ಗಾಳಿಯೊಡನೆ ತಿರುಗಲಾರದೆ, ತಿರುವಿನಲ್ಲಿ ವೇಗ ತಗ್ಗಿಸದ ಲಾರಿಯಂತೆ ನೇರವಾಗಿ ಹೋಗಿ ಗೋಡೆಗೆ ಬಡಿಯುತ್ತದೆ. ಇದು ಜಡತ್ವದ ಫಲ. ಪಂಪಿನಿಂದ ನೇರವಾಗಿ ಬಾಯಿಗೆ ಹೊಡೆದುಕೊಂಡರೆ ಬಹುಪಾಲು ಔಷಧ ಹೀಗೆ ಗಂಟಲಿನಲ್ಲಿಯೇ ಉಳಿಯುತ್ತದೆ.

ಇದಕ್ಕೆ ಪರಿಹಾರ ಸ್ಪೇಸರ್ ಎಂಬ ಖಾಲಿ ಕೊಳಾಯಿ. ಪಂಪಿಗೂ ಬಾಯಿಗೂ ನಡುವೆ ಅದನ್ನು ಇಟ್ಟರೆ ಹನಿಗಳ ವೇಗ ಅಲ್ಲಿ ಇಳಿಯುತ್ತದೆ, ಅವುಗಳ ಮೇಲಿನ ದ್ರವ ಆವಿಯಾಗಿ ಹನಿ ಚಿಕ್ಕದಾಗುತ್ತದೆ, ದಪ್ಪ ಹನಿಗಳು ಕೊಳಾಯಿಯ ಗೋಡೆಗೆ ಅಂಟಿ ನಿಲ್ಲುತ್ತವೆ. ಮಗು ಸಾವಕಾಶವಾಗಿ ಉಸಿರೆಳೆಯಬಹುದು. ಹೊಸ ಪ್ಲಾಸ್ಟಿಕ್ಕಿನ ಮೈಯಲ್ಲಿ ಸ್ಥಿರ ವಿದ್ಯುತ್ತು ಕೂತಿರುತ್ತದೆ. ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಅದು ಔಷಧವನ್ನು ಸೆಳೆದುಬಿಡುತ್ತದೆ. ಆದುದರಿಂದ ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರಸದೆ ಹಾಗೆಯೇ ಆರಲು ಬಿಡಬೇಕು. ಒರಸಿದರೆ ಉಜ್ಜುವಿಕೆಯಿಂದ ವಿದ್ಯುತ್ತು ಮತ್ತೆ ಹುಟ್ಟುತ್ತದೆ. ಸ್ಪೇಸರ್ ಕೊಳ್ಳಲಾಗದವರಿಗೆ ಸಮಾಧಾನದ ಸಂಗತಿಯೊಂದಿದೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಕೂರುವಂತೆ ತೂತುಮಾಡಿ ಸಂದು ಬಿಗಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ಮಕ್ಕಳ ವೈದ್ಯರು 1999ರಲ್ಲಿ ತೋರಿಸಿದರು. ಮಾಡುವ ಕ್ರಮವನ್ನು ವೈದ್ಯರಲ್ಲಿ ಕೇಳಿ ತಿಳಿಯಬೇಕು. ಸ್ಟಿರಾಯ್ಡ್ ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದನ್ನು ಮರೆಯಬಾರದು.

ನಮ್ಮ ಸೀಮೆಯ ಕೆರಳಿಕೆಗಳು

ಔಷಧದಷ್ಟೇ ಮುಖ್ಯವಾದುದು ಸುತ್ತಲಿನ ಗಾಳಿ. ಸುಗ್ಗಿಯಲ್ಲಿ ಮೆಕ್ಕೆಜೋಳ, ಜೋಳ, ಶೇಂಗಾಗಳ ರಾಶಿ ನಡೆಯುವಾಗ ಯಂತ್ರದ ಬಾಯಿಂದ ಹೊಟ್ಟು ಧೂಳು ಮುಗಿಲೇಳುತ್ತದೆ. ದಮ್ಮಿರುವ ಮಗುವನ್ನು ಅಂದು ಕಣದಿಂದ ದೂರವಿಡಬೇಕು; ಶೇಂಗಾ ಒಗ್ಗದ ಮಗುವಾದರೆ ಎರಡು ಕಾರಣಗಳಿಂದ ದೂರವಿಡಬೇಕು. ಕಟ್ಟಿಗೆ, ಕುಳ್ಳಿನ ಒಲೆಯ ಹೊಗೆ ಇನ್ನೊಂದು ಶತ್ರು. ಸೊಳ್ಳೆಬತ್ತಿಯನ್ನು ನಾವು ಹೊಗೆಯೆಂದೇ ಎಣಿಸುವುದಿಲ್ಲ. ಆದರೆ ಒಂದು ಬತ್ತಿ ಉರಿದು ಮುಗಿಯುವಾಗ ಹೊರಡುವ ಸೂಕ್ಷ್ಮಕಣಗಳ ತೂಕ 75ರಿಂದ 137 ಸಿಗರೇಟುಗಳದ್ದಕ್ಕೆ ಸಮವೆಂದು 2003ರ ಒಂದು ಅಳತೆ ಹೇಳುತ್ತದೆ. ಸೊಳ್ಳೆಪರದೆ ಇದಕ್ಕಿಂತ ಲೇಸು.

ಹಾಸಿಗೆ, ಕೌದಿ, ಕಂಬಳಿಗಳಲ್ಲಿ ಬರಿಗಣ್ಣಿಗೆ ಕಾಣದ ಧೂಳುನುಸಿ ವಾಸಿಸುತ್ತದೆ. ತೇವ ಅದಕ್ಕೆ ಪ್ರಿಯ; ಬಿಸಿನೀರು ಅದಕ್ಕೆ ಮೃತ್ಯು. 55 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ಒಗೆದು ನಮ್ಮ ಸೀಮೆಯ ಧಾರಾಳವಾದ ಬಿಸಿಲಿನಲ್ಲಿ ಒಣಗಿಸಿದರೆ ಅರ್ಧ ಯುದ್ಧ ಗೆದ್ದಂತೆ. ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಹುಲ್ಲಿನ ಪರಾಗವೂ ಹಲವರ ಮೂಗನ್ನೂ ಎದೆಯನ್ನೂ ಕೆರಳಿಸುತ್ತದೆ. ಮೈಲಾರದ ಜಾತ್ರೆಯಲ್ಲಿ ಹಾರುವ ಭಂಡಾರ, ಕೊಟ್ಟೂರು ರಥೋತ್ಸವದ ಜನಸಂದಣಿ ಎಬ್ಬಿಸುವ ಧೂಳು - ಇವುಗಳನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಮೂಗಿಗೆ ಬಟ್ಟೆ, ಜೇಬಿನಲ್ಲಿ ಪಂಪು, ಸಂದಣಿಯಿಂದ ತುಸು ದೂರದ ಜಾಗ ಇರಲಿ ಎನ್ನುತ್ತೇವೆ.

ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಔಷಧ ತುಂಬಿದ ಜೀವಂತ ಮೀನನ್ನು ನುಂಗಿಬರುವ ರೂಢಿಯೂ ಉಂಟು. ನಂಬಿಕೆಯ ಮಾತನ್ನು ನಾವು ಇಲ್ಲಿ ಎತ್ತುವುದಿಲ್ಲ. ಆದರೆ ಆಹಾರ ಒಗ್ಗದ ಮಗುವಿಗೆ ಮೀನೂ ಒಂದು ಆಹಾರವೇ ಎಂಬುದನ್ನೂ, ಆ ಒಂದು ದಿನವನ್ನು ನೆಚ್ಚಿ ದಿನನಿತ್ಯದ ಔಷಧವನ್ನು ನಿಲ್ಲಿಸುವುದು ಅಪಾಯವೆಂಬುದನ್ನೂ ಹೇಳದೆ ಇರಲಾರೆವು.

ಚಿಕಿತ್ಸೆ ಆರಂಭವಾದ ಮೇಲೆ

ಹತೋಟಿ ಎಂಬುದು ಒಮ್ಮೆ ಉತ್ತೀರ್ಣವಾಗಿ ಮರೆಯುವ ಪರೀಕ್ಷೆಯಲ್ಲ. ಆಹಾರದ ಚಿಕಿತ್ಸೆ ನಡೆಯುವ ಕಾಲದಲ್ಲೆಲ್ಲ ಸ್ಟಿರಾಯ್ಡ್ ಪಂಪು ನಡೆಯುತ್ತಿರಬೇಕು. ನಿನ್ನೆ ತಾಳಿಕೊಂಡ ಪ್ರಮಾಣವೇ ಇಂದು ತೊಂದರೆ ಕೊಡಬಹುದು. ಜ್ವರ ನೆಗಡಿ, ಉಬ್ಬಸ, ನಿದ್ದೆಗೇಡು, ಹುಡುಗಿಯರಿಗೆ ಮುಟ್ಟಿನ ದಿನಗಳು - ಇವು ತಾಳಿಕೆಯ ಗಡಿಯನ್ನು ತಗ್ಗಿಸುತ್ತವೆ. ಆದುದರಿಂದ ಎದೆ ಸುಯ್‌ಗುಟ್ಟುವ ದಿನ ಆ ದಿನದ ಪ್ರಮಾಣವನ್ನು ಕೊಡದೆ ವೈದ್ಯರನ್ನು ಕೇಳಬೇಕು. ಖಾಲಿ ಹೊಟ್ಟೆಯಲ್ಲಿ ಕೊಡಬಾರದು. ಕೊಟ್ಟ ಮೇಲೆ ಎರಡು ಗಂಟೆಯಾದರೂ ಓಟ, ಕಬಡ್ಡಿ, ಬಿಸಿನೀರಿನ ಸ್ನಾನ ಬೇಡ. ಮೈ ಬಿಸಿಯೇರಿ ರಕ್ತಸಂಚಾರ ಹೆಚ್ಚಿದರೆ ಪ್ರತಿಕ್ರಿಯೆ ಬೇಗ ಕೆರಳುತ್ತದೆ. ಕೊಟ್ಟೊಡನೆ ಮಗುವನ್ನು ಮಲಗಿಸಲೂ ಬಾರದು. ನಿದ್ದೆಯಲ್ಲಿ ಮೊದಲ ಚಿಹ್ನೆಗಳು ಕಾಣುವುದಿಲ್ಲ.

ಇಷ್ಟಾದರೂ ಅನಾಹುತವಾದರೆ? ಗಂಧೆಯ ಜೊತೆಗೆ ಉಬ್ಬಸ, ಧ್ವನಿ ಕಟ್ಟುವುದು, ಬವಳಿ ಬರುವುದು, ಪದೇಪದೇ ವಾಂತಿ - ಇವು ಅನಾಫಿಲಾಕ್ಸಿಸಿನ ಚಿಹ್ನೆಗಳು. ಗಂಧೆ ಇಲ್ಲದೆಯೂ ಅದು ಬರಬಹುದು. ಆಗ ಬೇಕಾದ ಔಷಧ ಒಂದೇ - ಅಡ್ರಿನಲಿನ್. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ, ಮಗುವಿನ ಪ್ರತಿ ಕಿಲೋಗ್ರಾಂ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ವೈದ್ಯರು, ದಾದಿಯರು ಚುಚ್ಚುತ್ತಾರೆ. ದದ್ದಿಗೆ ಕೊಡುವ ಮಾತ್ರೆಯಾಗಲಿ ದಮ್ಮಿನ ಪಂಪಾಗಲಿ ಇದರ ಸ್ಥಾನವನ್ನು ತುಂಬಲಾರವು. ಇಲ್ಲಿಯೇ ಒಂದು ಮೋಸ ಅಡಗಿದೆ. ದಮ್ಮು ಹತೋಟಿಯಲ್ಲಿಲ್ಲದ ಮಗು ಏದುಸಿರು ಬಿಡತೊಡಗಿದರೆ, “ಇದು ದಿನದ ದಮ್ಮೇ” ಎಂದು ಮನೆಯವರು ಪಂಪು ಹೊಡೆಯುತ್ತ ಕೂರುತ್ತಾರೆ. ಅಮೂಲ್ಯವಾದ ನಿಮಿಷಗಳು ಕಳೆಯುತ್ತವೆ. ದಮ್ಮು ಹತೋಟಿಯಲ್ಲಿದ್ದರೆ ಊಟವಾದ ಮೇಲೆ ಬಂದ ಉಬ್ಬಸ ಅಸಹಜವೆಂದು ಕೂಡಲೇ ತಿಳಿಯುತ್ತದೆ. ಹತೋಟಿಯಿಂದ ಕೊಳವೆಯೂ ತೆರೆಯುತ್ತದೆ, ಕಣ್ಣೂ ತೆರೆಯುತ್ತದೆ.

ನಿಮಿಷಗಳ ಮಾತು ಬಂದುದರಿಂದ ದೂರದ ಮಾತನ್ನೂ ಆಡಬೇಕು. ಆಹಾರದಿಂದಾದ ಮಾರಕ ಪ್ರಕರಣಗಳನ್ನು ಬ್ರಿಟನ್ನಿನಲ್ಲಿ ಪರಿಶೀಲಿಸಿದ 2000ದ ವರದಿಯೊಂದರಲ್ಲಿ ತಿಂದದ್ದಕ್ಕೂ ಉಸಿರು ಅಥವಾ ಹೃದಯ ನಿಂತದ್ದಕ್ಕೂ ನಡುವಣ ಅವಧಿ ಸಾಧಾರಣವಾಗಿ ಅರ್ಧ ಗಂಟೆ. ಹಡಗಲಿಯಿಂದ ಬಳ್ಳಾರಿಯ ವೈದ್ಯವಿಜ್ಞಾನ ಸಂಸ್ಥೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಆದುದರಿಂದ ದೊಡ್ಡ ಆಸ್ಪತ್ರೆಯನ್ನು ನೆನೆಯುತ್ತ ಹೊತ್ತು ಕಳೆಯದೆ, ಅತ್ಯಂತ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಧಾವಿಸಬೇಕು. 108ಕ್ಕೆ ಕರೆ ಮಾಡಬೇಕು. “ಅಡ್ರಿನಲಿನ್ ಬೇಕು” ಎಂಬ ಮಾತನ್ನು ಬಾಯಿ ಬಿಟ್ಟು ಹೇಳಬೇಕು. ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು; ಉಸಿರಾಟ ಕಷ್ಟವಾದರೆ ಒರಗಿ ಕೂರಿಸಬಹುದು; ನಿಲ್ಲಿಸಿ ನಡೆಸಬಾರದು. ಆಹಾರದ ಚಿಕಿತ್ಸೆಯನ್ನು ಕೈಗೊಳ್ಳುವ ಮೊದಲು ಹಳ್ಳಿಯ ಮನೆಯವರು ಈ ದಾರಿಯನ್ನು ಒಮ್ಮೆ ಲೆಕ್ಕ ಹಾಕಿ, ಸಮೀಪದ ಕೇಂದ್ರದ ವೈದ್ಯರೊಡನೆ ಮಾತಾಡಿ, ಯೋಜನೆಯನ್ನು ಕಾಗದದ ಮೇಲೆ ಬರೆಸಿ ಇಟ್ಟುಕೊಳ್ಳುವುದು ಉಚಿತ. ದಾರಿ ತೀರ ದೂರವಾದರೆ ಶೇಂಗಾವನ್ನು ವರ್ಜಿಸಿ ಎಚ್ಚರದಿಂದಿರುವುದೇ ಆ ಮನೆಗೆ ಸರಿಯಾದ ನಿರ್ಧಾರವಾಗಬಹುದು. ಅದರಲ್ಲಿ ಸೋಲೇನೂ ಇಲ್ಲ.

ಹಾಗೆಂದು ಎಲ್ಲ ಮಕ್ಕಳಿಂದಲೂ ಶೇಂಗಾವನ್ನು ದೂರವಿಡಬೇಕೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನಲ್ಲಿ 640 ಹಸುಗೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲ ವರ್ಷದಿಂದಲೇ ಶೇಂಗಾ ತಿಂದ ಕೂಸುಗಳಲ್ಲಿ ಐದನೆಯ ವಯಸ್ಸಿನ ಹೊತ್ತಿಗೆ ಶೇಂಗಾ ಒಗ್ಗದಿಕೆ ಬಹಳ ಕಡಿಮೆಯಾಗಿತ್ತು, ದೂರವಿಟ್ಟವರಲ್ಲಿಯೇ ಹೆಚ್ಚು. ನಮ್ಮ ಅಜ್ಜಿಯರು ಕೂಸಿನ ಬಾಯಿಗೆ ಅರೆದ ಆಹಾರವನ್ನು ಬೇಗನೆ ಸೋಕಿಸುತ್ತಿದ್ದುದನ್ನು ವಿಜ್ಞಾನ ಹಳಿಯುವುದಿಲ್ಲ. ಇಡೀ ಕಾಳು ಮಾತ್ರ ಸಣ್ಣ ಮಕ್ಕಳಿಗೆ ಬೇಡ; ಅದು ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೂಸಿಗೆ ತೀವ್ರ ಇಸಬು ಇದ್ದರೆ ಅಥವಾ ಮೊಟ್ಟೆ ಒಗ್ಗದಿದ್ದರೆ ಮೊದಲು ವೈದ್ಯರನ್ನು ಕೇಳಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ತರಗತಿಯಲ್ಲಿ ದಮ್ಮಿನ ಗೆಳೆಯನೋ ಗೆಳತಿಯೋ ಇದ್ದಾರು. ಅವರು ಪಂಪು ತೆಗೆದಾಗ ನಗಬೇಡಿರಿ. ನಗುವಿಗೆ ನಾಚಿ ಔಷಧ ಬಿಟ್ಟ ಹುಡುಗರು ಎಷ್ಟೋ ಮಂದಿ. ಡಬ್ಬಿಯ ಊಟ ಹಂಚಿಕೊಳ್ಳುವಾಗ “ಶೇಂಗಾ ಬೇಡ” ಎಂದು ಒಬ್ಬರು ಹೇಳಿದರೆ ಒತ್ತಾಯಿಸಬೇಡಿರಿ, ಚಟ್ನಿಪುಡಿ ಹತ್ತಿದ ಕೈಯಿಂದ ಅವರ ತಟ್ಟೆಯನ್ನು ಮುಟ್ಟಬೇಡಿರಿ. ಹತ್ತಿರದ ಆರೋಗ್ಯ ಕೇಂದ್ರ ಎಲ್ಲಿದೆ, ಅದು ರಾತ್ರಿಯೂ ತೆರೆದಿರುತ್ತದೆಯೆ ಎಂಬುದನ್ನು ಇಂದೇ ವಿಚಾರಿಸಿ ತಿಳಿದುಕೊಳ್ಳಿರಿ. ತ್ರಿಜ್ಯದ ನಾಲ್ಕನೆಯ ಘಾತವೆಂಬುದು ಪರೀಕ್ಷೆಯಲ್ಲಿ ಬರೆದು ಮರೆಯುವ ಸೂತ್ರವಲ್ಲ; ಒಂದು ಮಿಲಿಮೀಟರ್ ಊತದಲ್ಲಿ ಒಂದು ಮಗುವಿನ ಜೀವ ತೂಗುತ್ತಿರುತ್ತದೆ.